ಕಲ್ಲಿನ ಮುಂದೆ ಇಬ್ಬರೂ ಇರಬೇಕು

ಶಹಾಪುರದ ಓದುಗರೊಬ್ಬರು, ಪಿಎಚ್.ಡಿ. ಮಾಡುತ್ತಿರುವ ಉಪನ್ಯಾಸಕರು, ಕೇಳಿದ್ದಾರೆ: “ನನ್ನ ಮಾರ್ಗದರ್ಶಕರು ಬೆಂಗಳೂರಿನಲ್ಲಿದ್ದಾರೆ. ಎಲ್ಲವೂ ವಿಡಿಯೊ ಕರೆಯಲ್ಲೇ ನಡೆಯುತ್ತದೆ. ಸಂಶೋಧಕರು ಒಂದೇ ಕಡೆ ಇರಬೇಕೆಂಬುದು ಹಳೆಯ ಮಾತಲ್ಲವೇ?”

ಸಂಪಾದಕರ ಉತ್ತರ: ಮಿತ್ರರೇ, ಒಂದು ರಾತ್ರಿಯ ಬಸ್ ಪ್ರಯಾಣ ಉಳಿಸುವ ಮೊಬೈಲನ್ನು ನಾನು ಬೈಯಲಾರೆ. 1913ರಲ್ಲಿ ಗಣಿತಜ್ಞ ರಾಮಾನುಜನ್ ಕೇಂಬ್ರಿಜ್‌ನ ಗಣಿತ ಪ್ರಾಧ್ಯಾಪಕ ಹಾರ್ಡಿಯವರನ್ನು ತಲುಪಿದ್ದೂ ಕಾಗದದಿಂದಲೇ. ಆದರೆ ಹಾರ್ಡಿ ಉತ್ತರ ಬರೆದು ಸುಮ್ಮನಾಗಲಿಲ್ಲ. ಮರುವರ್ಷ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡರು. ಅಂಚೆಯಲ್ಲೇ ಮುಗಿಯುವ ಕೆಲಸವಾಗಿದ್ದರೆ ಸಮುದ್ರ ದಾಟಿಸುವ ತಾಪತ್ರಯ ಯಾರಿಗೆ ಬೇಕಿತ್ತು?

ಅದು ಹಳೆಯ ಕಾಲ ಎನ್ನುವಿರಾ? 1999ರಿಂದ 2003ರವರೆಗೆ, ಅಂದರೆ ಇಮೇಲ್ ಬಂದ ಮೇಲೆ, ಹಾರ್ವರ್ಡ್‌ನವರು ಬರೆದ ಸುಮಾರು 35,000 ವೈದ್ಯವಿಜ್ಞಾನ ಲೇಖನಗಳನ್ನು ಅಲ್ಲಿನವರೇ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಮೊದಲ ಲೇಖಕರು (ಸಾಮಾನ್ಯವಾಗಿ ಕೆಲಸ ಮಾಡಿದವರು) ಹಾಗೂ ಕೊನೆಯ ಲೇಖಕರು (ಸಾಮಾನ್ಯವಾಗಿ ಮಾರ್ಗದರ್ಶಕರು) ಕೂರುವ ಜಾಗ ಹತ್ತಿರವಾದಷ್ಟೂ ಆ ಲೇಖನವನ್ನು ಉಲ್ಲೇಖಿಸಿದವರು ಹೆಚ್ಚು.

ನನಗೆ ಇದನ್ನು ಕಲಿಸಿದ್ದು ಒಂದು ಕಲ್ಲು. ಭೀಮಾ ತೀರದ ಹಳ್ಳಿಯ ಶಾಸನವೊಂದರ ಫೋಟೊ ಹಿಡಿದು ಗೆಳೆಯರೊಬ್ಬರೊಡನೆ ಮೂರು ತಿಂಗಳು ಅಂಚೆಯಲ್ಲೇ ಜಗಳವಾಡಿದೆ. ಅವರು ‘ಪ’ ಎಂದರು, ನಾನು ‘ಷ’ ಎಂದೆ. ಕೊನೆಗೆ ಇಬ್ಬರೂ ಅಲ್ಲಿಗೆ ಹೋದೆವು. ಅಕ್ಷರಗಳ ಅಚ್ಚು ತೆಗೆಯಲು ಒದ್ದೆ ಕಾಗದ ಹಚ್ಚಿ ಬ್ರಷ್ಷಿನಿಂದ ಬಡಿಯುವ ಮುನ್ನ ಅವರು ನನ್ನ ಬೆರಳನ್ನು ಹಿಡಿದು ಆ ಅಕ್ಷರದ ಮೇಲೆ ಇಟ್ಟರು. ಹೊಟ್ಟೆಯ ಅಡ್ಡಗೀಟು ಉಳಿಯ ಪೆಟ್ಟಲ್ಲ, ಕಲ್ಲಿನ ಚಕ್ಕೆ ಎದ್ದ ಜಾಗ! ಮೂರು ತಿಂಗಳ ವಾದ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಮರಳುವ ದಾರಿಯಲ್ಲಿ ಅವರು ಎತ್ತಿದ ಬೇರೊಂದು ಪ್ರಶ್ನೆ ನನಗೆ ಎರಡು ಲೇಖನಗಳನ್ನು ಕೊಟ್ಟಿತು. ಅಂಥ ಪ್ರಶ್ನೆಯನ್ನು ಯಾರೂ ಸಮಯ ಗೊತ್ತುಮಾಡಿ ಕರೆ ಮಾಡಿ ಕೇಳುವುದಿಲ್ಲ.

ಬೀದರಿಗೆ ಹೋದಾಗ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ ನೋಡಿ. 1472ರ ಆ ಕಟ್ಟಡದಲ್ಲಿ ಗ್ರಂಥಾಲಯ, ಪಾಠದ ಕೋಣೆಗಳು, ಗುರುಗಳ ಮತ್ತು ವಿದ್ಯಾರ್ಥಿಗಳ ವಸತಿ ಎಲ್ಲವೂ ಒಂದೇ ಅಂಗಳದ ಸುತ್ತ ಇದ್ದವು. ಕಟ್ಟಿಸಿದವನಿಗೆ ಗೊತ್ತಿತ್ತು.

ನಮ್ಮವರಿಗೆ ಗೊತ್ತಿದೆಯೇ? ಊರಾಚೆ ಬಯಲಿನಲ್ಲಿ ವಿಭಾಗಕ್ಕೊಂದು ಕಟ್ಟಡ ಎಬ್ಬಿಸುತ್ತಾರೆ. ಈ ಬಿಸಿಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವವರು ಯಾರು? ಸಂಜೆ ಐದಕ್ಕೆ ಬಾಗಿಲಿಗೆ ಬೀಗ, ಬಸ್ಸಿಗೆ ಓಟ. ಎರಡು ಕಾಲೇಜುಗಳ ನಡುವೆ ವಾರವಿಡೀ ಓಡಾಡುವ ಅತಿಥಿ ಉಪನ್ಯಾಸಕರಿಗೆ ಕೂರಲು ಒಂದು ಕುರ್ಚಿಯಿಲ್ಲ. ಇನ್ನು ಜೊತೆಗೆ ಕೂತು ಮಾತಾಡುವುದೆಲ್ಲಿ ಬಂತು? ಕಟ್ಟಡಕ್ಕೆ ಸಿಗುವ ಹಣ ಮನುಷ್ಯರಿಗೆ ಸಿಗುವುದಿಲ್ಲ ಎಂದು ಹತ್ತಾರು ಬಾರಿ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ.

ನೀವು ಜಾಣರು, ಪತ್ರ ಓದಿದರೆ ತಿಳಿಯುತ್ತದೆ. ಆದರೆ ಸಂಶೋಧನೆ ಯಾವುದರ ಬಗ್ಗೆ ಎಂದೇ ಹೇಳಿಲ್ಲವಲ್ಲ! ಮುಂದಿನ ಭಾನುವಾರ ಒಂದು ಅಧ್ಯಾಯ ಹಿಡಿದು ಕಲಬುರಗಿಗೆ ಬನ್ನಿ. ಆ ಗೆಳೆಯರನ್ನೂ ಕರೆಸುತ್ತೇನೆ.