ಪೊಲೀಸರ ಗುಂಡಿಗೆ ಸತ್ತವನ ಬಗ್ಗೆ ಮನೆಯೊಳಗಿನ ಸಂಬಂಧದ ಗುಸುಗುಸು ಇದ್ದರೆ, ತನಿಖೆಯಲ್ಲಿ ಅದಕ್ಕೆ ಬೆಲೆ ಇದೆಯೇ?

ಬಹುಮಟ್ಟಿಗೆ ಇಲ್ಲ. ಅತ್ತಿಗೆಯೊಡನೆ ಸಂಬಂಧವಿತ್ತಂತೆ ಎಂದು ಸಂತೆಯಲ್ಲೆಲ್ಲ ಆಡಿಕೊಂಡರೂ ತನಿಖೆ ಕೇಳುವುದು ಬೇರೆಯದನ್ನು: ಗುಂಡು ಹಾರಿದ ಗಳಿಗೆಯಲ್ಲಿ ಪೊಲೀಸರ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿತ್ತೇ? ಆತ್ಮರಕ್ಷಣೆಯ ಹಕ್ಕು ಪೊಲೀಸರಿಗೂ ನಮ್ಮಂತೆಯೇ ಇದೆ. ಸತ್ತವನ ನಡತೆ ಸರಿಯಿರಲಿಲ್ಲ ಎಂಬ ಕಾರಣಕ್ಕೆ ಅದು ಹಿಗ್ಗುವುದಿಲ್ಲ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸಿದ ಕೋವಿ ಮನೆಯಲ್ಲಿರುವುದು ಸಹಜ. ಆದ್ದರಿಂದ ‘ಮನೆಯಲ್ಲಿ ಕೋವಿ ಸಿಕ್ಕಿತು’ ಎಂದ ಮಾತ್ರಕ್ಕೆ ಏನೂ ಸಾಬೀತಾಗದು. ಅದು ಗೋಡೆಯಲ್ಲಿತ್ತೇ, ಕೈಯಲ್ಲಿತ್ತೇ? ಅದರಿಂದ ಗುಂಡು ಹಾರಿತ್ತೇ? ಶವದ ಗಾಯವೂ ಮಾತಾಡುತ್ತದೆ. ಸುತ್ತ ಮದ್ದಿನ ಮಸಿ, ಸುಟ್ಟ ಕಲೆ ಇದ್ದರೆ ಗುಂಡು ತೀರಾ ಹತ್ತಿರದಿಂದ ಬಿದ್ದಿದೆ. ‘ದೂರದಿಂದ ಹೊಡೆದೆವು’ ಎಂಬ ಹೇಳಿಕೆ ಅಲ್ಲಿಗೇ ಕುಸಿಯಿತು.

ಸುಪ್ರೀಂ ಕೋರ್ಟ್ 2014ರಲ್ಲಿ ನೀಡಿದ ತೀರ್ಪಿನಂತೆ ಇಂಥ ಸಾವನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆಯೂ ನಡೆಯಬೇಕು. ಗುಂಡು ಹಾರಿಸಿದವರು ತಮ್ಮ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು.

ಗುಸುಗುಸು ನೆರವಿಗೆ ಬರುವುದು ಹೆಚ್ಚೆಂದರೆ ಒಂದು ಕಡೆ: ಅಂದು ಠಾಣೆಗೆ ಫೋನ್ ಮಾಡಿದವರು ಯಾರು, ಹಳೆಯ ಹಗೆಯಿಂದ ಸುಳ್ಳು ಹೇಳಿ ಪೊಲೀಸರನ್ನು ಕರೆಸಿದರೇ ಎಂದು ಹುಡುಕುವಾಗ. ಅದಕ್ಕೂ ಕರೆಯ ದಾಖಲೆ ಬೇಕು, ‘ಹಾಗಂತೆ’ ಸಾಲದು.