ತಾತನ ಅಪ್ಪನ ಹೆಸರೂ ಗೊತ್ತಿಲ್ಲ ಅಂದ್ರೆ ವಂಶದ ಹುಡುಕಾಟ ಎಲ್ಲಿಂದ ಶುರು ಮಾಡೋದು?

ಬೆಂಗಳೂರಲ್ಲೇ ಹುಟ್ಟಿ ಬೆಳೆದೋರು, ತಾತನಿಂದ ಹಿಂದೆ ಏನೂ ಗೊತ್ತಿಲ್ಲ, ಯಾವ ವೆಬ್‌ಸೈಟ್ ನೋಡ್ಲಿ ಅಂತ ಕೇಳಿದೀರ. ವೆಬ್‌ಸೈಟ್ ಆಮೇಲೆ ನೋಡಿ. ನಿಮ್ಮ ಕಡೆ ಬದುಕಿರೋರಲ್ಲಿ ತುಂಬಾ ವಯಸ್ಸಾದೋರು ಯಾರೋ ಅವರ ಹತ್ರ ಈ ವಾರಾನೇ ಹೋಗಿ, ಅದ್ರಲ್ಲೂ ಸೊಸೆಯಾಗಿ ಬಂದ ಅಜ್ಜಿಯರ ಹತ್ರ. ಮನೆ ಗಂಡಸರಿಗಿಂತ ಅವರಿಗೇ ಜಾಸ್ತಿ ನೆನಪಿರುತ್ತೆ, ಯಾರ ತವರು ಯಾವೂರು, ಯಾರನ್ನ ಯಾರಿಗೆ ಕೊಟ್ಟಿದ್ರು ಎಲ್ಲಾ.

ಆದ್ರೆ ಹೆಸರು, ಇಸವಿ ಕೇಳ್ಬೇಡಿ, ಕೇಳಿದ್ರೆ "ನಂಗೇನ್ ಗೊತ್ತಪ್ಪ" ಅಂದ್ಬಿಡ್ತಾರೆ. ನಮ್ಮಜ್ಜಿನೂ ಹಂಗೇ ಅಂದಿದ್ರು. ನೀವು ಮದುವೆ ಆಗಿ ಬಂದಾಗ ಮನೇಲಿ ಯಾರ್ಯಾರಿದ್ರು, ಯಾರು ಯಾವ ಕೋಣೇಲಿ ಮಲಗ್ತಿದ್ರು ಅಂತ ಕೇಳಿದ ಮೇಲೆ ಎರಡು ಗಂಟೆ ಮಾತು ನಿಲ್ಲಲಿಲ್ಲ. ಆವಾಗ್ಲೇ "ನಮ್ಮ ಮಾವ ಬರದಲ್ಲಿ ಹುಟ್ಟಿದ ಕೂಸು ಅಂತಿದ್ರು" ಅಂತ ಒಂದು ಮಾತು ಬಂತು, ನಾನು ಅದನ್ನ ಬರ್ಕೊಂಡು ಸುಮ್ನಾದೆ.

ಒಂದು ವರ್ಷ ಆದ್ಮೇಲೆ ಹಳೇ ಟ್ರಂಕಲ್ಲಿ ಹೆಸರು ಹರಿದುಹೋಗಿದ್ದ ಒಂದು ಜಾತಕ ಸಿಕ್ತು, ಈಶ್ವರ ನಾಮ ಸಂವತ್ಸರ ಅಂತ ಇತ್ತು. ಸಂವತ್ಸರ 60 ವರ್ಷಕ್ಕೊಂದ್ಸಲ ತಿರುಗಿ ಬರುತ್ತಲ್ಲ, ಹಾಗಾಗಿ ಈಶ್ವರ ಅಂದ್ರೆ 1877-78ನೂ ಆಗಬಹುದು, 1937-38ನೂ ಆಗಬಹುದು. ನಾವು 1937 ಅಂದ್ಕೊಂಡು ಯಾರೋ ಸೋದರತ್ತೆ ಮಗಂದಿರ್ಬೇಕು ಅಂತ ಎತ್ತಿಟ್ಟಿದ್ವಿ. ಊರಿನ ಜೋಯಿಸರು ನೋಡಿ ಗುರು ಶನಿ 60 ವರ್ಷಕ್ಕೆ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರ್ತಾರೆ, ರಾಹು ಬರಲ್ಲ, ರಾಹು ಇರೋ ಮನೆ ನೋಡಿದ್ರೆ ಇದು ಹಿಂದಿನ ಈಶ್ವರ ಅಂದ್ರು. 1876-78ರ ಬರಕ್ಕೆ ಹಳೇ ಮೈಸೂರು ಕಡೆ ಧಾತು-ಈಶ್ವರ ಬರ ಅಂತಾನೇ ಹೆಸರು, ಧಾತು ಅಂದ್ರೆ ಈಶ್ವರಕ್ಕೆ ಹಿಂದಿನ ಸಂವತ್ಸರ. ಅಂದ್ರೆ ಆ ಜಾತಕ ಅಜ್ಜಿಯ ಮಾವಂದು, ನನ್ನ ಮುತ್ತಾತಂದು. ಆವತ್ತು ನಂಗಾದ ಸಂತೋಷ ಹೇಳೋಕಾಗಲ್ಲ, ಅಷ್ಟು ಜನ ಸತ್ತ ಬರದಲ್ಲಿ ಆ ಮಗು ಉಳೀತು ಅಂತ.

ಮುಂದಿನ ಪ್ರಶ್ನೆ ಮನೆದೇವ್ರು ಯಾವುದು ಅಂತ. ನಮ್ಮೂರು ತಿಪಟೂರು ಕಡೆ, ಮನೆದೇವ್ರು ಮಾತ್ರ ಹಿರಿಯೂರಿನ ತೇರುಮಲ್ಲೇಶ್ವರ, ಯಾಕಪ್ಪ ಅಷ್ಟು ದೂರ ಅಂತ ಚಿಕ್ಕೋನಿದ್ದಾಗ್ಲಿಂದ ಅನ್ಸೋದು. ಜನ ಊರು ಬಿಟ್ರೂ ದೇವ್ರನ್ನ ಬಿಡಲ್ಲ, ಹಾಗಾಗಿ ಮನೆದೇವ್ರು ಇರೋ ಕಡೆಯಿಂದಾನೇ ಹಿರೀಕರು ಬಂದಿರೋ ಸಾಧ್ಯತೆ ಜಾಸ್ತಿ. ತೇರಿಗೆ ಹೋದಾಗ ಅದೇ ದೇವ್ರ ಒಕ್ಕಲಿನೋರನ್ನ ಮಾತಾಡಿಸಿ. ನಿಮ್ಮೂರಿಗೆ ಹೆಳವರು ಬರ್ತಿದ್ರಾ ಅಂತಾನೂ ಕೇಳಿ. ಎತ್ತಿನ ಮೇಲೆ ಕೂತು ಬಂದು ಮನೆತನದ ಹೆಸರುಗಳನ್ನ ತಲೆಮಾರುಗಟ್ಟಲೆ ಹೇಳಿ ದವಸ ಇಸ್ಕೊಂಡು ಹೋಗೋರು, ಈಗ್ಲೂ ಕೆಲವರ ಹತ್ರ ಬರೆದಿಟ್ಟ ಪುಸ್ತಕ ಇದಾವೆ.

ಇಷ್ಟಾದ ಮೇಲೆ ಕಾಗದ. ಊರಿನ ಜಮೀನಿನ ಸರ್ವೆ ನಂಬರ್ ಗೊತ್ತಿದ್ರೆ ಸರ್ಕಾರದ ಭೂಮಿ ವೆಬ್‌ಸೈಟಲ್ಲಿ ಪಹಣಿ (ಜಮೀನು ಯಾರ ಹೆಸರಲ್ಲಿದೆ ಅನ್ನೋ ದಾಖಲೆ) ಸಿಗುತ್ತೆ, ಅದ್ರಲ್ಲಿ ಎಂ.ಆರ್. ನಂಬರ್ (ಮ್ಯುಟೇಶನ್ ರಿಜಿಸ್ಟರ್ ನಂಬರ್) ಹಿಡ್ಕೊಂಡು ಮ್ಯುಟೇಶನ್, ಅಂದ್ರೆ ಖಾತೆ ಬದಲಾದ ದಾಖಲೆ ನೋಡಿ, ಪೌತಿ ಖಾತೆ ಅಂತಿದ್ರೆ ಯಾರು ತೀರ್ಕೊಂಡು ಯಾರ ಹೆಸರಿಗೆ ಬಂತು ಅಂತ ಇರುತ್ತೆ. ಕಂಪ್ಯೂಟರ್‌ಗೆ ಮುಂಚಿನ ಕೈಬರಹದ ಪಹಣಿ ಬೇಕಂದ್ರೆ ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕ್ಬೇಕಾಗಬಹುದು, ತಾಳ್ಮೆ ಬೇಕು. ಎಲ್ಲಕ್ಕಿಂತ ಒಳ್ಳೇದು ಹಳೇ ಪಾಲು ಪಾರೀಕತ್ತು, ಅಂದ್ರೆ ಆಸ್ತಿ ಭಾಗ ಮಾಡ್ಕೊಂಡ ಪತ್ರ, ಒಂದೇ ಪತ್ರದಲ್ಲಿ ಅಣ್ಣತಮ್ಮಂದಿರೆಲ್ಲಾ ಇರ್ತಾರೆ. ಉತ್ತರ ಕರ್ನಾಟಕದೋರಾದ್ರೆ ಹಳೇ ಕಾಗದ ಮೋಡಿ ಲಿಪೀಲಿ (ಹಿಂದೆ ಮರಾಠಿ ಬರೀತಿದ್ದ ಲಿಪಿ), ಕಲಬುರಗಿ ಕಡೆ ಉರ್ದೂಲಿ ಇರಬಹುದು, ಓದೋರನ್ನ ಹುಡುಕ್ಬೇಕಾಗುತ್ತೆ.

ಒಂದು ಎಚ್ಚರ. ಸರ್ವೆ ನಂಬರ್ ಕೇಳಿದ ತಕ್ಷಣ ನೆಂಟರಿಗೆ ಇವನು ಪಾಲು ಕೇಳೋಕೆ ಬಂದ ಅನ್ಸುತ್ತೆ. ನಮ್ಮ ಸಂಬಂಧಿಕರೊಬ್ಬರು ಆರು ತಿಂಗಳು ಮಾತು ಬಿಟ್ಟಿದ್ರು, ನಂಗೆ ತುಂಬಾ ನೋವಾಗಿತ್ತು. ನಂಗೆ ಜಮೀನು ಬೇಡ, ಹೆಸರು ಸಾಕು ಅಂತ ಮೊದ್ಲೇ ಬಿಡಿಸಿ ಹೇಳಿ, ಸಿಕ್ಕಿದ್ದನ್ನ ಪ್ರಿಂಟ್ ತೆಗೆದು ಅವರಿಗೂ ಒಂದು ಕಾಪಿ ಕೊಡಿ.

ಇನ್ನೊಂದು, ಹಳೇ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಇರೋದೇ ಇಲ್ಲ, ಅದಕ್ಕೆ ಪ್ರತಿ ಹೆಸರಿನ ಪಕ್ಕ ಅವರ ಹೆಂಡತಿ ಯಾರು, ತವರು ಯಾವುದು, ಅಕ್ಕತಂಗಿಯರು ಎಲ್ಲಿಗೆ ಹೋದ್ರು ಅಂತ ಕೇಳಿ ಬರ್ಕೊಳ್ಳಿ, ಮೊಬೈಲಲ್ಲಿ ದನಿನೂ ರೆಕಾರ್ಡ್ ಮಾಡ್ಕೊಳ್ಳಿ. ನನ್ನ ಮುತ್ತಾತನ ತಾಯಿ, ಆ ಬರದಲ್ಲಿ ಅವರನ್ನ ಹೆತ್ತು ಉಳಿಸ್ಕೊಂಡ ಹೆಂಗಸು, ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಅಜ್ಜಿನ ಕೇಳಬಹುದಿತ್ತು, ಕೇಳೋಷ್ಟರಲ್ಲಿ ಅಜ್ಜಿ ಹೋದ್ರು.