ಆಗಸ್ಟ್‌ನಲ್ಲೇ ಕೆಂಪಾದ ಮರ

ಗಾಬರಿ ಬೇಡ ಮಾರಾಯ್ರೇ, ಮರಕ್ಕೆ ರೋಗ ಬಂದಿಲ್ಲ. ನ್ಯೂಜೆರ್ಸಿಗೆ ಬಂದು ಎರಡೇ ತಿಂಗಳು, ಅಪಾರ್ಟ್‌ಮೆಂಟ್ ಹಿಂದಿನ ಜೌಗಿನಲ್ಲಿ ಒಂದು ಮರ ಈಗಲೇ ಕೆಂಪಾಗಿದೆ, ಇದೇನಾ ಸಿರಪ್ (ಮರದ ರಸ ಕುದಿಸಿ ಮಾಡುವ ಸಿಹಿ ಪಾಕ) ಕೊಡುವ ಮೇಪಲ್ ಅಂತ ಕೇಳಿದ್ದೀರಿ. ಮೇಪಲ್ ಹೌದು. ಫೋಟೋ ನೋಡಿದರೆ ರೆಡ್ ಮೇಪಲ್. ಇಲ್ಲಿಯವರು ಸ್ವಾಂಪ್ ಮೇಪಲ್ ಅಂತಲೂ ಕರೆಯುತ್ತಾರೆ. ನೀರಲ್ಲಿ ಬುಡವಿಟ್ಟು ನಿಂತವು ಬೇರೆಯವಕ್ಕಿಂತ ಮುಂಚೆಯೇ ಬಣ್ಣ ತಿರುಗುತ್ತವೆ.

ಖಾತ್ರಿ ಬೇಕಾದರೆ ಒಂದು ರೆಂಬೆ ನೋಡಿ. ಎಲೆಗಳು ಕಾಫಿ ಗಿಡದ ಹಾಗೆ ಎದುರುಬದುರು ಇರಬೇಕು. ಎಲೆಗೆ ಮೂರೋ ಐದೋ ಮೂಲೆ, ಅಂಚಿನಲ್ಲಿ ಗರಗಸದ ಹಲ್ಲು, ತೊಟ್ಟು ಹೆಚ್ಚಾಗಿ ಕೆಂಪು. ಸಿರಪ್‌ಗೆ ಹೆಸರಾದ ಶುಗರ್ ಮೇಪಲ್ ಎಲೆಗೆ ಈ ಹಲ್ಲಿಲ್ಲ, ಬುಡದಲ್ಲಿ ನೀರು ನಿಂತರೆ ಅದಕ್ಕೆ ಆಗುವುದೂ ಇಲ್ಲ. (ರೆಡ್ ಮೇಪಲ್‌ನಿಂದಲೂ ಸಿರಪ್ ತೆಗೆಯುತ್ತಾರೆ. ಸಿಹಿ ಕಡಿಮೆ, ಜಾಸ್ತಿ ಕುದಿಸಬೇಕು ಅಷ್ಟೇ.) ನೀರಿನ ಪಕ್ಕ ಬೆಳೆಯುವ ಇನ್ನೊಂದು ಜಾತಿ ಸಿಲ್ವರ್ ಮೇಪಲ್. ಅದರ ಎಲೆ ಆಳವಾಗಿ ಸೀಳಿರುತ್ತದೆ, ಅಡಿಭಾಗ ಬೆಳ್ಳಿ ಬಿಳುಪು. ಇವೆರಡೂ ಬೆರೆತ ಮರಗಳೂ ಇವೆ, ಅಲ್ಲಿ ನನಗೂ ತಲೆ ಕೆಡುತ್ತದೆ.

ಆದರೆ ಸುಮ್ನೆ ಜೌಗಿಗೆ ಇಳಿಯಬೇಡಿ. ಅಲ್ಲಿ ಕೆಂಪಾಗುವುದೆಲ್ಲ ಮೇಪಲ್ ಅಲ್ಲ. ಪಾಯ್ಸನ್ ಸುಮಾಕ್ ಅಂತ ಒಂದಿದೆ, ಒಂದೊಂದು ಕಡ್ಡಿಗೆ 7ರಿಂದ 13 ಚಿಕ್ಕ ಎಲೆ. ತಾಗಿದರೆ ಗೇರುಸೊನೆ ಬಿದ್ದ ಹಾಗೆ ಗುಳ್ಳೆ ಏಳುತ್ತದೆ. ಏಳದೆ ಇನ್ನೇನು, ನಮ್ಮ ಗೇರಿನ ಕುಟುಂಬದ್ದೇ ಅದು! ಉಣ್ಣಿಗಳ ಕಾಟ ಬೇರೆ.

ಮುಂದೆ ಮನೆ ಕೊಳ್ಳುವಾಗ ಈ ಮರ ನೆನಪಿರಲಿ. ನಾವು ಮನೆ ನೋಡಿದ್ದು ಅಕ್ಟೋಬರ್‌ನಲ್ಲಿ. ಹಿತ್ತಲಿನ ಕೆಂಪಿಗೇ ಮನಸೋತು ಮುಂಗಡ ಕೊಟ್ಟೆವು. ಮಾರ್ಚ್‌ನಲ್ಲಿ ಹಿಮ ಕರಗಿತು, ಬೇಸ್‌ಮೆಂಟ್‌ನಲ್ಲಿ ಮೊಣಕಾಲುದ್ದ ನೀರು. ಊರಿಂದ ತಂದ ಹಾಸಿಗೆ, ಪುಸ್ತಕ ಎಲ್ಲ ಹೋಯಿತು. ಈ ಮರ ಒಣ ನೆಲದಲ್ಲೂ ಬೆಳೆಯುತ್ತದೆ, ಹಾಗಾಗಿ ಒಂದನ್ನು ಕಂಡು ಹೆದರಬೇಕಿಲ್ಲ. ಹಿತ್ತಲ ತುಂಬ ಇವೇ ಇದ್ದು, ಬುಡದಲ್ಲಿ ಸ್ಕಂಕ್ ಕ್ಯಾಬೇಜ್ ಅನ್ನುವ ಜೌಗು ಗಿಡದ ಅಗಲ ಎಲೆಗಳೂ ಇದ್ದರೆ ನೆಲದಲ್ಲಿ ನೀರಿದೆ ಅಂತಲೇ. ಕಾಯಿದೆ ತಾಪತ್ರಯವೂ ಉಂಟು. 1987ರ ಕಾಯಿದೆ ಪ್ರಕಾರ ಈ ರಾಜ್ಯದಲ್ಲಿ ಜೌಗಿಗೆ ರಕ್ಷಣೆ ಇದೆ. ಕೆಲವು ಕಡೆ ಜೌಗಿನ ಅಂಚಿನಿಂದ 150 ಅಡಿವರೆಗೂ ಅನುಮತಿ ಇಲ್ಲದೆ ಏನೂ ಕಟ್ಟುವಂತಿಲ್ಲ.

ಭಾನುವಾರ ಬಿಡುವಿದ್ದರೆ ಇಲ್ಲಿಯ ಜೌಗಿನ ವನ್ಯಧಾಮ ಗ್ರೇಟ್ ಸ್ವಾಂಪ್ ಕಡೆ ಬನ್ನಿ. ಹಲಗೆ ಹಾಸಿದ ದಾರಿ ಇದೆ, ಕಾಲು ಒದ್ದೆಯಾಗದೆ ಮರ ನೋಡಬಹುದು. ಚುರುಮುರಿ ನಾವು ತರುತ್ತೇವೆ, ಫ್ಲಾಸ್ಕ್‌ನಲ್ಲಿ ಕಾಫಿ ನಿಮ್ಮದು.